ಆರಾಮಿಲ್ಲ ಅಂದವರು ಯಾರು

ಫೆಬ್ರುವರಿ ೧೦, ಸೋಮವಾರ

ಇವರ ಕಾರ್ಖಾನೆಯಲ್ಲಿ ಎಂದೋ ಕೊಟ್ಟ ಡೈರಿ ಕಪಾಟಿನಲ್ಲಿ ಬಿದ್ದಿತ್ತು. ಇಸವಿ ಹಳೆಯದು, ವಾರ ಹೊಂದುವುದಿಲ್ಲ. ನಾನೇ ಮೇಲೆ ತಿದ್ದಿಕೊಂಡಿದ್ದೇನೆ. ಮನಸ್ಸಿನಲ್ಲಿದ್ದುದನ್ನು ಯಾರಿಗಾದರೂ ಹೇಳಿದರೆ ಸಂಜೆಯೊಳಗೆ ಪುಣೆಯ ಈ ಖಡಕಿ ಬಜಾರದ ತುಂಬ ಆಗಿರುತ್ತದೆ. ಬರೆದರೆ ಇಲ್ಲೇ ಉಳಿಯುತ್ತದೆ. ಆರನೆಯ ಇಯತ್ತೆಗೆ ಶಾಲೆ ಬಿಟ್ಟವಳು ನಾನು. ವಿಜಾಪುರ ಕಡೆಯ ಇಂಡಿಯಿಂದ ಅಪ್ಪ ಪುಣೆಗೆ ಕರೆತಂದಾಗ ಮನೆಯ ಹತ್ತಿರದ ಶಾಲೆ ಮರಾಠಿಯದು, ಹೆಣ್ಣುಮಗು ಮತ್ತೆ ಮೊದಲಿನಿಂದ ಯಾಕೆ ಕಲಿಯಬೇಕು ಅಂದುಬಿಟ್ಟರು. ಅಕ್ಷರ ತಪ್ಪಿದರೆ ತಪ್ಪಲಿ, ನೋಡುವವರು ಯಾರಿದ್ದಾರೆ.

ಹುಡುಗಿಯ ಹೆಸರು ಮಾತ್ರ ಬರೆಯುವುದಿಲ್ಲ. ಕಾಗದಕ್ಕೂ ಕಣ್ಣಿರುತ್ತವೆ. ನನ್ನ ಮಗಳು, ಇರುವವಳು ಒಬ್ಬಳೇ, ಇಷ್ಟು ಸಾಕು. ಸಿನಿಮಾದವರು ಇಂಪನಾ ಅಂತ ಇಟ್ಟಿದ್ದಾರೆ. ಅದು ಅವರು ಇಟ್ಟ ಹೆಸರು, ಬರೆದರೆ ನಡೆದೀತು.

ಹೋದ ವರ್ಷದ ಹಿಂದಿನ ವರ್ಷ ಅವಳ ಮೊದಲನೆಯ ಸಿನಿಮಾ ಬಂತು. ಬಸ್ ಕಂಡಕ್ಟರಳ ಪಾರ್ಟು. ಎಷ್ಟು ಓಡಿತೆಂದರೆ ಹುಬ್ಬಳ್ಳಿ ಸ್ಟ್ಯಾಂಡಿನಲ್ಲಿ ನಿಜವಾದ ಕಂಡಕ್ಟರನೇ ತನ್ನ ಚೀಲ ಅವಳ ಹೆಗಲಿಗೆ ಹಾಕಿ ಫೋಟೋ ತೆಗೆಸಿಕೊಂಡ. ಎರಡನೆಯದು ಬಂದದ್ದೂ ಗೊತ್ತಾಗಲಿಲ್ಲ, ಹೋದದ್ದೂ ಗೊತ್ತಾಗಲಿಲ್ಲ. ಈಗ ಮನೆಯಲ್ಲಿದ್ದಾಳೆ. ಮೂರನೆಯದು ದೊಡ್ಡದು ಸಿಕ್ಕರೆ ನಿಂತೆ, ಇಲ್ಲವಾದರೆ ಜನ ಮರೆತರು ಅಂತ ಅವಳೇ ಅನ್ನುತ್ತಾಳೆ.

ಇವತ್ತು ಬೆಂಗಳೂರಿನಿಂದ ಫೋನು. ಮಿಥುನ ಅಂತ, ಪೃಥ್ವಿರಾಜ್ ಅನ್ನುವ ದೊಡ್ಡ ಡೈರೆಕ್ಟರರ ಮ್ಯಾನೇಜರು. ಸಿನಿಮಾದವರಿಗೆಲ್ಲ ನನ್ನ ನಂಬರನ್ನೇ ಕೊಟ್ಟಿದ್ದೇವೆ, ಹೆಣ್ಣುಮಗಳ ನಂಬರು ಕಂಡಕಂಡವರ ಕೈಯಲ್ಲಿ ಯಾಕೆ. ರಾಜಸ್ಥಾನದಲ್ಲಿ ಶೂಟಿಂಗು, ಹುಡುಗಿಯದೇ ಮುಖ್ಯ ಪಾರ್ಟು ಅಂದ. ಆಮೇಲೆ, ಮೇಡಂ ಹೇಗಿದಾರೆ ಅಂತ ಕೇಳಿದ. ಹಾಗೆ ಕೇಳಿದವರಿಗೆ ಏನು ಹೇಳಬೇಕೋ ಅದನ್ನೇ ಹೇಳಿದೆ. ಏನ್ ಹೇಳೂದ್ರಿ, ಆರಾಮಿಲ್ಲ, ಭಾಳ ಸೊರಗ್ಯಾಳ, ಉಣ್ಣೂದs ಇಲ್ಲ. ಆ ಹೊತ್ತಿಗೆ ಅವಳು ಹೊರಗಿನ ಖೋಲಿಯಲ್ಲಿ ಶೇಂಗಾ ತಿನ್ನುತ್ತ ಟೀವಿ ನೋಡಿ ನಗುತ್ತಿದ್ದಳು. ನಗು ಫೋನಿನಲ್ಲಿ ಕೇಳಿಸೀತು ಅಂತ ನಡುವಿನ ಬಾಗಿಲು ಎಳೆದುಕೊಂಡೆ.

ಮತ್ತೆ ಮಾಡ್ತೀನಿ ಅಮ್ಮ ಅಂದ. ದನಿ ಯಾಕೋ ಸಣ್ಣಗಾಯಿತು. ಏನೋ ಮುಚ್ಚಿಡುತ್ತಿದ್ದಾನೆ.

ಫೆಬ್ರುವರಿ ೧೪, ಶುಕ್ರವಾರ

ಹುಡುಗಿ ಹಳದಿ ಸೀರೆಯ ಫೋಟೋ ಮೊಬೈಲಿನಲ್ಲಿ ಹಾಕಿದ್ದಾಳೆ. ಒಂದು ದಿನದಲ್ಲಿ ಸಾವಿರಗಟ್ಟಲೆ ಜನ ಕೆಂಪು ಹೃದಯ ಒತ್ತಿದ್ದಾರೆ. ಅಂದರೆ ಅಷ್ಟು ಜೋಡಿ ಕಣ್ಣು. ತೆಗೆ ಅಂದೆ. ಅವ್ವಾ, ಇದು ನೋಡೇ ಕೆಲಸ ಕೊಡತಾರ, ಮುಖ ಕಾಣಿಸದಿದ್ದರ ಸತ್ತಾಳಂತ ತಿಳೀತಾರ ಅಂದಳು. ಸಾಯುವ ಮಾತು ಆಡಿದ್ದಕ್ಕೆ ಬೈದೆ. ಊಟ ಬಿಟ್ಟು ಕೂತೆ. ಸಂಜೆ ತೆಗೆದಳು.

ಉಪ್ಪು ಮೆಣಸಿನಕಾಯಿ ಇಳಿಸಿ ಒಲೆಗೆ ಹಾಕಿದೆ. ಘಾಟು ಬರಲಿಲ್ಲ. ಘಾಟು ಬರದಿದ್ದರೆ ದೃಷ್ಟಿ ಜೋರಾಗಿಯೇ ತಾಗಿದೆ ಅಂತ ಅರ್ಥ. ಯಾರದು ಅನ್ನುವುದು ಪ್ರಶ್ನೆ.

ಫೆಬ್ರುವರಿ ೨೨, ಶನಿವಾರ

ಮಿಥುನ ಇವತ್ತು ಮತ್ತೆ ಮಾಡಿದ್ದ. ಪಾರ್ಟಿನ ಮಾತು ಬಿಟ್ಟು, ಡಾಕ್ಟರ್ ಏನಂದ್ರು ಅಮ್ಮ, ಎಷ್ಟು ದಿನ ರೆಸ್ಟ್ ಬೇಕಂತೆ ಅಂತ ಕೇಳಿದ. ನಮ್ಮ ಮನೆಯಲ್ಲಿ ಡಾಕ್ಟರು ಎಲ್ಲಿಂದ ಬಂದರು. ಆದರೂ ಮಾತು ಬಿಟ್ಟುಕೊಡಬಾರದು ಅಂತ, ಅವರಿಗೇನ್ ತಿಳೀತದ್ರಿ, ಎದ್ದು ಅಡ್ಡಾಡೂದೂ ಆಗವಲ್ದು ಅಂದೆ. ಅಯ್ಯೋ ಪಾಪ ಅಂದ.

ಡಾಕ್ಟರ ವಿಷಯ ಅವನ ತಲೆಯಲ್ಲಿ ಯಾರು ತುಂಬಿದರು? ನನಗೆ ಮಾಂತುವಿನ ಮೇಲೆ ಸಂಶಯ. ಮಾಂತು ಇವರ ಅಕ್ಕನ ಮಗ, ಭೋಸರಿಯಲ್ಲಿ ಲೇಥ್ ಕೆಲಸ. ಮೊದಲ ಎರಡು ಸಿನಿಮಾಕ್ಕೆ ಅವನೇ ತನ್ನ ಕಾರಿನಲ್ಲಿ ಹುಡುಗಿಯನ್ನು ಬೆಂಗಳೂರಿಗೆ ಒಯ್ದು ತಂದವನು. ಸಿನಿಮಾದ ಡ್ರೈವರುಗಳ ಜೊತೆ ಚಹಾ ಕುಡಿದು ದೋಸ್ತಿ ಮಾಡಿದ್ದಾನೆ. ಅವಳು ಹೆಸರು ಮಾಡಿದ್ದು ಅವನ ತಾಯಿಗೆ ಸಹನೆಯಾಗಿಲ್ಲ, ಅದು ನನಗೆ ಗೊತ್ತು.

ಸಂಜೆ ಬಂದಾಗ ಕೇಳಿಯೇ ಬಿಟ್ಟೆ. ಅವನು ಭಜಿ ತಿನ್ನುತ್ತ, ಅತ್ತಿ, ನನ್ನ ಬಾಯಿಗೆ ಬೀಗ ಹಾಕಿ ಕೀಲಿ ನೀನs ಇಟ್ಕೋ, ಭಜಿ ಮಾತ್ರ ಕಿಟಕಿಯಿಂದ ಕೊಡು ಅಂದ. ನಗುವವರನ್ನು ನಂಬಬಾರದು.

ಮಾರ್ಚ್ ೨, ಭಾನುವಾರ

ಮೇಲಿನ ಮನೆಯ ಅನ್ನಪೂರ್ಣಮ್ಮ ಕಷಾಯದ ಪುಡಿ ಹಿಡಿದು ಬಂದಿದ್ದರು. ಮೈಸೂರು ಕಡೆಯವರು, ಅವರ ಯಜಮಾನರು ಮಿಲಿಟರಿ ಕಚೇರಿಯಲ್ಲಿದ್ದಾರೆ. ಬೇಜಾರು ಮಾಡ್ಕೋಬೇಡಿ ರುದ್ರವ್ವನವ್ರೇ, ಚಿಕ್ಕ ವಯಸ್ಸು, ವಾಸಿಯಾಗತ್ತೆ, ಆದ್ರೆ ಏನು ಕಾಯಿಲೆ ಅಂತ ನೀವು ಹೇಳೋದೇ ಇಲ್ವಲ್ಲ ಅಂದರು. ಕಣ್ಣು ಮಾತ್ರ ಹುಡುಗಿಯ ಖೋಲಿಯ ಪರದೆಯ ಮೇಲೆ.

ಆರಾಮಿಲ್ಲ ಅಂತ ಅವರಿಗೆ ನಾನು ಹೇಳಿದ್ದು ಖರೆ. ಮೆಟ್ಟಿಲಲ್ಲಿ ಸಿಕ್ಕು, ನಿಮ್ಮ ಮಗಳು ಎಷ್ಟು ಲಕ್ಷಣ ಅಂದಾಗ ಇನ್ನೇನು ಹೇಳಲಿ? ಕೂಸು ಚೆಂದ ಇದೆ ಅಂತ ಯಾರಾದರೂ ಅಂದರೆ ಹೌದು ಅನ್ನುವ ತಾಯಿ ಇದ್ದಾಳೆಯೆ? ಬರೇ ಜಡ್ಡು, ಏನೂ ತಿನ್ನೂದಿಲ್ಲ ಅನ್ನಬೇಕು. ಕೇಳಿದವರು ತಿಳಿದುಕೊಂಡು ನಗಬೇಕು. ನಮ್ಮ ಕಡೆ ಮುದುಕಿಯರು ದುಂಡಗಿರುವ ಮೊಮ್ಮಗನನ್ನು ಎತ್ತಿಕೊಂಡೇ ಹಾಗೆ ಹೇಳುತ್ತಾರೆ. ಅದನ್ನು ಖರೆ ಅಂತ ತಿಳಿದು ಕಷಾಯ ತರುವವರನ್ನು ಇವತ್ತೇ ನೋಡಿದೆ. ಇಲ್ಲ, ಖರೆ ಅಂತ ತಿಳಿದಿಲ್ಲ. ನೋಡಲು ಬಂದದ್ದು.

ಕಷಾಯದ ಪುಡಿ ಹೊರಗೆ ಚೆಲ್ಲಿದೆ. ಅದರಲ್ಲಿ ಏನಿತ್ತೋ.

ಮಾರ್ಚ್ ೧೨, ಬುಧವಾರ

ಮಾಂತು ಮೊಬೈಲಿನಲ್ಲಿ ತೋರಿಸಿದ. ಯಾವುದೋ ಚಾನೆಲ್ಲಿನವರು ಹುಡುಗಿಯ ಕಂಡಕ್ಟರ್ ಫೋಟೋ ಹಾಕಿ, ಪಕ್ಕದಲ್ಲಿ ಆಸ್ಪತ್ರೆಯ ಮಂಚದ ಚಿತ್ರ ಹಾಕಿದ್ದಾರೆ. ಇಂಪನಾಗೆ ಏನಾಯ್ತು, ಯಾಕೆ ಮುಖ ಮುಚ್ಚಿಕೊಂಡಿದ್ದಾಳೆ, ಫೋಟೋಗಳನ್ನು ಯಾಕೆ ತೆಗೆದಳು, ಗುಟ್ಟಿನ ಕಾಯಿಲೆಯೆ, ಇಷ್ಟು ಬೇಗ ಯಾಕೆ ಮಂಕಾದಳು. ಕೊನೆಗೆ, ಈ ಸುದ್ದಿ ಮನೆಯವರ ಕಡೆಯಿಂದಲೇ ಬಂದದ್ದು ಅಂತ.

ಮನೆಯವರು. ಕೇಳಿದಿರಾ ಅಂತ ಇವರಿಗೆ ಹೇಳಿದೆ. ಮನೆಯವರು ಅಂದರೆ ಯಾರು? ಇವರ ಅಕ್ಕ, ಮಾಂತು, ಇಂಡಿಯಲ್ಲಿ ನಮ್ಮ ತಮ್ಮನ ಹೆಂಡತಿ. ಒಬ್ಬೊಬ್ಬರನ್ನೇ ಹಿಡಿದು ತೂಗುತ್ತ ಕೂತೆ. ಇವರು ಡ್ಯೂಟಿಯ ಬೂಟು ಬಿಚ್ಚುತ್ತಿದ್ದರು.

"ನೀ ಪೊಲೀಸ್ ಖಾತ್ಯಾಗ ಇರಬೇಕಿತ್ತು. ಒಬ್ಬರ್ನೂ ಬಿಡ್ತಿದ್ದಿಲ್ಲ. ನಾನೂ ಮನ್ಯಾಂವಾ ಅದೀನಲ, ನನ್ನ ಯಾವಾಗ ವಿಚಾರಸ್ತಿ?"

ನಿಮ್ಮನ್ನೂ ಬಿಟ್ಟಿಲ್ಲ ಅಂತ ಮನಸ್ಸಿನಲ್ಲೇ ಅಂದುಕೊಂಡೆ. ಕಾರ್ಖಾನೆಯ ಕ್ಯಾಂಟೀನಿನಲ್ಲಿ ಇವರು ಏನು ಮಾತಾಡುತ್ತಾರೋ ನಾನು ಕಂಡಿಲ್ಲ.

ಹುಡುಗಿ ಅದನ್ನು ಎರಡು ಸಲ ನೋಡಿದಳು. ಅತ್ತಿದ್ದರೆ ಚೆನ್ನಾಗಿತ್ತು. ಕನ್ನಡಿಯ ಮುಂದೆ ನಿಂತು ಕಣ್ಣ ಕೆಳಗೆ ಬೆರಳಿಟ್ಟು ನೋಡಿಕೊಂಡಳು. ನಾ ಖರೇನ ಸೊರಗೀನೇನ ಅವ್ವಾ ಅಂದಳು.

ಮಾರ್ಚ್ ೧೪, ಹೋಳಿ

ಬಣ್ಣಕ್ಕೆ ಕಳಿಸಲಿಲ್ಲ.

ಮಾರ್ಚ್ ೨೦, ಗುರುವಾರ

ಪಾರ್ಟು ಸಿಂಧುವಿಗೆ ಹೋಯಿತು.

ಸಿಂಧು ಎರಡನೆಯ ಸಿನಿಮಾದಲ್ಲಿ ಹುಡುಗಿಯ ಗೆಳತಿಯಾಗಿ ನಟಿಸಿದವಳು. ಮಂಡ್ಯದವಳು. ಮೊದಲು ಇಲ್ಲೇ ಹಿಂಜವಡಿಯಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಳು. ಎಷ್ಟು ಸಲ ನಮ್ಮ ಮನೆಗೆ ಬಂದು, ಆಂಟಿ ನಿಮ್ಮ ಎಣಗಾಯಿಗೋಸ್ಕರ ಪುಣೆ ಬಿಡಕ್ಕೆ ಮನಸ್ಸಿಲ್ಲ ಅಂತ ಬೆರಳು ನೆಕ್ಕುತ್ತ ಉಂಡಿದ್ದಾಳೆ. ಈ ಮನೆಯ ಉಪ್ಪು ಅವಳ ಹೊಟ್ಟೆಯಲ್ಲಿದೆ. ಈ ಪಾರ್ಟಿನ ಮೇಲೆ ಕಣ್ಣಿಟ್ಟೇ ಹೋದ ತಿಂಗಳು ಫೋನು ಮಾಡಿ ಬೆಣ್ಣೆಯಂಥ ದನಿಯಲ್ಲಿ, ಆಂಟಿ ಅವಳು ಹೇಗಿದಾಳೆ ಅಂದದ್ದು. ಅವಳಿಗೂ ಆರಾಮಿಲ್ಲ ಅಂತಲೇ ಹೇಳಿದ್ದೆ, ಪುಣ್ಯ. ಚೆನ್ನಾಗಿದ್ದಾಳೆ ಅಂದಿದ್ದರೆ ಏನು ಮಾಡಿಸುತ್ತಿದ್ದಳೋ.

ಈಗ ಎಲ್ಲ ಹೊಂದಿತು. ಚಾನೆಲ್ಲಿಗೆ ಹೇಳಿದವಳು ಅವಳು, ಮಿಥುನನ ಕಿವಿಯಲ್ಲಿ ಊದಿದವಳು ಅವಳು. ಮಾಂತುವಿನ ಮೇಲೆ ಸುಮ್ಮನೆ ಸಂಶಯ ಪಟ್ಟೆ. ಪೂರ್ತಿ ಸುಮ್ಮನೆ ಅಲ್ಲ.

ನಾಳೆ ಹುಡುಗಿಯಿಂದಲೇ ಮಿಥುನನಿಗೆ ಫೋನು ಮಾಡಿಸುತ್ತೇನೆ. ಯಾರು ಹೇಳಿದರು ಅನ್ನುವುದು ಅವನ ಬಾಯಿಂದ ಬರಲಿ, ಆಮೇಲೆ ಸಿಂಧುವನ್ನು ನೋಡಿಕೊಳ್ಳುತ್ತೇನೆ.

ಮಾರ್ಚ್ ೨೧, ಶುಕ್ರವಾರ

ಬರೆಯಬೇಕೋ ಬೇಡವೋ.

ಹುಡುಗಿ ಬೇಡ ಅಂದಳು. ಹೋದದ್ದು ಹೋಯಿತು, ಸಿಂಧು ಒಳ್ಳೆಯವಳು ಅಂದಳು. ನಾನೇ ನಂಬರು ಒತ್ತಿ ಕೈಗೆ ಕೊಟ್ಟೆ. ನನಗೂ ಕೇಳಲಿ ಅಂತ ಸ್ಪೀಕರ್ ಹಚ್ಚು ಅಂದೆ. ಇವರು ಮೂಲೆಯಲ್ಲಿ ಪೇಪರು ಹಿಡಿದಿದ್ದರು. ಹುಡುಗಿ ಬೆಂಗಳೂರಿನವರ ಹಾಗೆ ಮಾತಾಡುವುದನ್ನು ಕಲಿತಿದ್ದಾಳೆ. ಮಿಥುನ್, ನನಗೆ ಕಾಯಿಲೆ ಅಂತ ನಿಮಗೆ ಯಾರು ಹೇಳಿದ್ದು, ಸುಮ್ಮನೆ ತಿಳ್ಕೋಬೇಕಿತ್ತು ಅಂದಳು.

ಅವನು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ.

"ಮೇಡಂ, ಬೇರೆ ಯಾರೂ ಹೇಳಿಲ್ಲ. ಅಮ್ಮನೇ ಹೇಳಿದ್ದು. ಮಾಡಿದಾಗೆಲ್ಲ ಆರಾಮಿಲ್ಲ, ಊಟ ಸೇರಲ್ಲ, ಎದ್ದು ಓಡಾಡೋಕೂ ಆಗಲ್ಲ ಅಂದ್ರು. ಮೇ ತಿಂಗಳಲ್ಲಿ ಮರಳುಗಾಡಲ್ಲಿ ಶೂಟಿಂಗ್, ಮಧ್ಯದಲ್ಲಿ ಹೀರೋಯಿನ್ ಮಲಗಿಬಿಟ್ರೆ ಇಡೀ ಯೂನಿಟ್ ನಿಲ್ಲತ್ತೆ. ಸರ್ ನಿಮ್ಮನ್ನ ಬಿಟ್ಟು ಬೇರೆಯವರನ್ನ ಯೋಚನೇನೇ ಮಾಡಿರಲಿಲ್ಲ. ಸಿಂಧು ಅವರೂ ಮೊದಲು ನಿಮ್ಮನ್ನೇ ಕೇಳಿ ಅಂದ್ರು. ತಾಯಿ ಹೇಳಿದ್ಮೇಲೆ ನಾವು ಹೇಗೆ ನಂಬದೇ ಇರೋದು?"

ಹುಡುಗಿ ಥ್ಯಾಂಕ್ಸ್ ಹೇಳಿ ಇಟ್ಟಳು. ಇವರು ಪೇಪರಿನ ಪುಟ ತಿರುವಲಿಲ್ಲ. ಕಾರ್ಖಾನೆಯ ಮಧ್ಯಾಹ್ನದ ಭೋಂಗಾ ಕೂಗಿತು. ಇವರು ಎದ್ದು ಕಾರ್ಖಾನೆಗೆ ಹೋದರು, ನೀರೂ ಕುಡಿಯಲಿಲ್ಲ.

ಮಿಥುನ ಸುಳ್ಳು ಹೇಳುತ್ತಿರಬಹುದು. ಸಿಂಧುವನ್ನು ಉಳಿಸಲು ನನ್ನ ಮೇಲೆ ಹಾಕಿದ. ನಾನು ಹೇಳಿದ್ದೇನೋ ಹೌದು, ಆದರೆ ಅದು ಹೇಳುವ ಮಾತು. ಹೇಳುವ ಮಾತಿನಿಂದ ಪಾರ್ಟು ಹೋಗುತ್ತದೆಯೆ?

ಮಾರ್ಚ್ ೨೩, ಭಾನುವಾರ

ಮಾತಿಲ್ಲ. ಉಣ್ಣುತ್ತಾಳೆ, ತಾಟು ತೊಳೆದಿಡುತ್ತಾಳೆ. ಬೈದರೂ ನಡೆದೀತು.

ಮಾರ್ಚ್ ೨೫, ಮಂಗಳವಾರ

ಹುಡುಗಿ ನಾನು ಕಾಯಿಪಲ್ಲೆ ಸೋಸುವಲ್ಲಿ ಬಂದು ಕೂತಳು. ಮೆಂತ್ಯದ ಕಟ್ಟು ಬಿಚ್ಚಿ ತಾನೂ ಎಲೆ ಬಿಡಿಸಿ ಸೋಸತೊಡಗಿದಳು. ಜಗಳಕ್ಕೆ ಬಂದಿದ್ದಾಳೆ ಅಂತ ಮೈಯೆಲ್ಲ ಬಿಗಿಹಿಡಿದು ಕೂತೆ. ಜಗಳ ಆಡಲಿಲ್ಲ.

"ಅವ್ವಾ, ಒಂದs ಸಲ. ನನ್ನ ಮುಂದ ಅನ್ನು, ಬ್ಯಾರೆ ಯಾರೂ ಇಲ್ಲ. ನನ್ನ ಮಗಳು ಆರಾಮ ಅದಾಳ ಅನ್ನು."

ನಾನು ಬಾಯಿ ತೆರೆದೆ. ಬರಲಿಲ್ಲ. ಕೆಮ್ಮು ಬಂತು. ಮೆಂತ್ಯದ ಬೇರು ಕತ್ತರಿಸುತ್ತ ಮತ್ತೊಮ್ಮೆ ನೋಡಿದೆ. ನಾಲಿಗೆ ಮೇಲಕ್ಕೆ ಅಂಟಿಕೊಂಡಿತ್ತು. ಇಷ್ಟ ಸಣ್ಣ ಮಾತು ಅವ್ವಾ ಅಂದು ಅವಳು ಎದ್ದುಹೋದಳು.

ಸಣ್ಣ ಮಾತಲ್ಲ. ಅವಳಿಗೆ ಗೊತ್ತಿಲ್ಲ, ನಾವು ಯಾರೂ ಹೇಳಿಲ್ಲ. ಅವಳಿಗಿಂತ ಮೊದಲು ಒಂದು ಗಂಡು ಇತ್ತು. ಅವನನ್ನು ಮಡಿಲಲ್ಲಿ ಹಾಕಿಕೊಂಡು ಸೋಲಾಪುರದ ರೈಲುಗಾಡಿಯಲ್ಲಿ ಊರಿಗೆ ಹೊರಟಿದ್ದೆ. ಎದುರಿಗೆ ಕೂತ ಹಸಿರು ಸೀರೆಯ ಹೆಂಗಸು, ಕೂಸು ಎಷ್ಟ ದುಂಡಗದ, ಆರಾಮ ಅದ ಹೌದಿಲ್ಲ ಅಂದಳು. ನನಗಾಗ ಏನೂ ತಿಳಿಯುತ್ತಿರಲಿಲ್ಲ. ಹೆಮ್ಮೆಯಿಂದ, ಆರಾಮ ಅದಾನ್ರಿ, ಮುಂಜಾನೆ ಅರ್ಧ ರೊಟ್ಟಿ ಹಾಲಿನಾಗ ಕಲಸಿ ಉಂಡಾನ ಅಂದೆ. ಊರು ಮುಟ್ಟುವ ಹೊತ್ತಿಗೆ ಅವನ ಹಣೆ ಸುಡುತ್ತಿತ್ತು. ಮುಂದಿನದು ಬರೆಯಲಾರೆ. ಆ ಹೆಂಗಸು ನಡುವೆ ದೌಂಡಿನಲ್ಲೇ ಇಳಿದುಹೋಗಿದ್ದಳು. ಇವತ್ತಿಗೂ ಹಸಿರು ಸೀರೆಯವರ ಎದುರು ನಾನು ಕೂರುವುದಿಲ್ಲ.

ಆಮೇಲೆ ಇವಳು ಹುಟ್ಟಿದಳು. ಆ ಮಾತನ್ನು ನಾನು ಇವಳ ಬಗ್ಗೆ ಆಡಿಲ್ಲ, ಇವಳ ಮುಂದೆಯೂ ಆಡಿಲ್ಲ. ಆಡದೆ ಇಷ್ಟು ದೊಡ್ಡವಳನ್ನು ಮಾಡಿದ್ದೇನೆ.

ಮಾರ್ಚ್ ೩೦, ಪಾಡ್ಯ

ಬಜಾರದ ಮನೆಮನೆಗೂ ಯುಗಾದಿಯ ಗುಡಿ, ಬಟ್ಟೆ ಸುತ್ತಿದ ಕೋಲು, ಏರಿಸಿದ್ದಾರೆ. ಬೇವು ಬೆಲ್ಲ ಕೊಟ್ಟಾಗ ಹುಡುಗಿ ಬೇವನ್ನೇ ಹೆಚ್ಚು ತೆಗೆದುಕೊಂಡಳು. ನಾಳೆಯಿಂದ ಕೊಂಢವಾದಲ್ಲಿ ಒಂದು ದೊಡ್ಡ ಸೊಸಾಯಿಟಿಯ ಮಕ್ಕಳಿಗೆ ನಾಟಕ ಕಲಿಸಲು ಹೋಗುತ್ತಾಳಂತೆ. ರಜೆಯ ಕ್ಲಾಸು. ಅಲ್ಲಿ ಯಾರಿಗೂ ಅವಳ ಸಿನಿಮಾ ಗೊತ್ತಿಲ್ಲ, ಎಲ್ಲ ಮರಾಠಿ, ಹಿಂದಿಯವರು. ಯಾರೂ ನೋಡೂದಿಲ್ಲ ಅವ್ವಾ, ನಿನಗ ನಿಶ್ಚಿಂತಿ ಅಂದಳು.

ನನಗೆ ನಿಶ್ಚಿಂತೆ ಆಗಬೇಕಿತ್ತು.

ರಾಹುಕಾಲ ಕಳೆದ ಮೇಲೆ ಇವರನ್ನು ಕೇಳಿದೆ. ಅವಳ ಸಿನಿಮಾದ ಗಾಡಿ ನಿಂತದ್ದು ನನ್ನಿಂದಲೇ ಅಂತ ನಿಮಗೂ ಅನಿಸುತ್ತದೆಯೆ? ಎರಡನೇ ಸಿನಿಮಾ ಓಡಲಿಲ್ಲ, ಅದೂ ಒಂದು, ಸಿನಿಮಾ ಮಂದಿಗೆ ತಿಂಗಳಿಗೊಬ್ಬಳು ಹೊಸ ಹುಡುಗಿ ಬೇಕು, ಅದೂ ಒಂದು ಅಂದರು. ಉಳಿದದ್ದನ್ನು ಹೇಳಲಿಲ್ಲ. ಹೇಳದೆ ಹೋಳಿಗೆಗೆ ತುಪ್ಪ ಹಾಕಿಸಿಕೊಂಡರು. ಇವರೂ ಅವಳ ಕಡೆ ಆಗಿದ್ದಾರೆ.

ಏಪ್ರಿಲ್ ೮, ಮಂಗಳವಾರ

ಅನ್ನಪೂರ್ಣಮ್ಮ ಮೆಟ್ಟಿಲಲ್ಲಿ ಸಿಕ್ಕರು. ಬಸ್ಸಿಗೆ ಓಡ್ತಿದ್ಲು ಕಣ್ರೀ ನಿಮ್ಮ ಮಗಳು, ವಾಸಿಯಾಯ್ತಾ ಅಂದರು. ನಾನು ಎಂದಿನಂತೆ ಬಾಯಿ ತೆರೆದೆ. ಆರಾಮಿಲ್ಲ ಅನ್ನುವುದೂ ಬರಲಿಲ್ಲ. ಹಾಲು ಉಕ್ಕುತ್ತದೆ ಅಂತ ಹೇಳಿ ಒಳಗೆ ಬಂದೆ. ಒಲೆಯ ಮೇಲೆ ಹಾಲು ಇರಲಿಲ್ಲ.

ಆ ಕಷಾಯದ ಪುಡಿಯಲ್ಲಿ ಬರೀ ಶುಂಠಿ ಇದ್ದಿರಲಿಕ್ಕೂ ಸಾಕು.

ಏಪ್ರಿಲ್ ೧೮, ಶುಕ್ರವಾರ

ಮುಂಜಾನೆ ಹುಡುಗಿ ತಲೆಗೆ ನೀರು ಹಾಕಿಕೊಂಡು ಗ್ಯಾಲರಿಯಲ್ಲಿ ಕೂದಲು ಆರಿಸುತ್ತಿದ್ದಳು. ನಾನು ಅಡುಗೆಯ ಕಟ್ಟೆಯ ಹತ್ತಿರ ಹಿಟ್ಟು ನಾದುತ್ತಿದ್ದೆ. ಫೋನು ಬಂತು. ಮಿಥುನ. ಹುಡುಗಿ ಇನ್ನು ಸಿನಿಮಾದವರಿಗೆ ತನ್ನ ನಂಬರನ್ನೇ ಕೊಡುತ್ತಾಳೆ ಅಂತ ಇಷ್ಟು ದಿನದಿಂದ ಕಾಯುತ್ತಿದ್ದೆ. ಕೊಟ್ಟಿಲ್ಲ. ಯಾಕೆ ಕೊಟ್ಟಿಲ್ಲ ಅಂತ ಸಂಶಯ ಬಂತು.

ಹೀರೋಯಿನ್ ಅಲ್ಲ ಅಮ್ಮ, ಮೊದಲೇ ಹೇಳ್ಬಿಡ್ತೀನಿ ಅಂದ. ಬೇರೆ ಡೈರೆಕ್ಟರು, ಬೆಳಗಾವಿಯಲ್ಲಿ ಶೂಟಿಂಗು, ಹೀರೋನ ಅಕ್ಕನ ಪಾರ್ಟು. ಆ ಹೀರೋನ ಮಗ ಕಾಲೇಜಿಗೆ ಹೋಗುತ್ತಾನೆ, ನನ್ನ ಹುಡುಗಿ ಅವನಿಗೆ ಅಕ್ಕ. ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಆದರೆ ಒಳ್ಳೇ ಸೀನ್ ಇದೆ, ಮಾಡಿದ್ರೆ ಮತ್ತೆ ಕಣ್ಣಿಗೆ ಬೀಳ್ತಾರೆ ಅಂದ. ಕಣ್ಣಿಗೆ ಬೀಳುವುದು ಅಂದಾಗ ನನಗೆ ಚಳಿ ಬಂದ ಹಾಗಾಯಿತು. ಆಮೇಲೆ ಅದನ್ನೇ ಕೇಳಿದ.

"ಮೇಡಂ ಈಗ ಹೇಗಿದಾರೆ ಅಮ್ಮ? ಸರಿಯಾಗಿ ಹೇಳಿ, ನಾನು ಅಲ್ಲಿ ಮಾತು ಕೊಡಬೇಕು."

ನನ್ನ ಎಡಗೈ ತಾನಾಗಿ ಉಪ್ಪಿನ ಡಬ್ಬಿಯೊಳಗೆ ಹೋಗಿತ್ತು. ಮುಷ್ಟಿ ಬಿಗಿಹಿಡಿದೆ. ಗಾಡಿಯ ಸಪ್ಪಳ ಕೇಳಿದ ಹಾಗಾಯಿತು, ನಮ್ಮ ಮನೆಯ ಹಿಂದೆ ರೈಲು ದಿನಕ್ಕೆ ಎಷ್ಟೋ ಸಲ ಹೋಗುತ್ತದೆ. ಅಮ್ಮ, ಲೈನಲ್ಲಿದೀರಾ ಅಂದ.

"ಆರಾಮ ಅದಾಳ್ರಿ."

ಯಾರೋ ಬೇರೆಯವರು ಆಡಿದ ಹಾಗಿತ್ತು. ಅಷ್ಟಕ್ಕೇ ಸುಮ್ಮನಾಗಬೇಕಿತ್ತು, ಬಾಯಿ ನಿಲ್ಲಲಿಲ್ಲ. ಮುಂಜಾನೆ ಎರಡು ರೊಟ್ಟಿ ತಿಂದಾಳ್ರಿ, ಮ್ಯಾಲ ಮೊಸರು, ಬಸ್ಸಿಗೆ ಓಡಿ ಹೋಗತಾಳ ಅಂದೆ. ಅವನು ನಕ್ಕು, ಸಾಕು ಅಮ್ಮ, ಫೋನ್ ಅವ್ರಿಗೆ ಕೊಡಿ ಅಂದ.

ತಿರುಗಿ ನೋಡಿದರೆ ಅವಳು ಬಾಗಿಲಲ್ಲಿ ನಿಂತಿದ್ದಳು. ಕೂದಲಿನಿಂದ ನೀರು ಫರಶಿಯ ಮೇಲೆ ತೊಟ್ಟಿಕ್ಕುತ್ತಿತ್ತು. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಫೋನು ತೆಗೆದುಕೊಂಡಳು. ತಾರೀಕು, ಬಟ್ಟೆಯ ಅಳತೆ, ಅದು ಇದು ಮಾತಾಡಿದಳು. ಇಟ್ಟ ಮೇಲೆ ನನ್ನ ಮುಷ್ಟಿ ಬಿಡಿಸಿದಳು. ಬೆವರಿಗೆ ಉಪ್ಪು ಗಟ್ಟಿಯಾಗಿತ್ತು. ಇಳಸ್ತಿ ಏನ ಅಂದಳು. ದೃಷ್ಟಿ ಇಳಿಸಬೇಕಾಗಿತ್ತು. ಹಿಟ್ಟಿಗೆ ಉಪ್ಪು ಹಾಕಿರಲಿಲ್ಲ ಅಂತ ನೆನಪಾಗಿ ಅದನ್ನು ಹಿಟ್ಟಿಗೇ ಹಾಕಿಬಿಟ್ಟೆ.

ಕೊಂಢವಾಕ್ಕೆ ಹೊರಟಾಗ ಬಾಗಿಲಲ್ಲಿ ನಿಲ್ಲಿಸಿ ಹಣೆ ಮುಟ್ಟಿದೆ. ಏನ ನೋಡ್ತಿ ಅಂದಳು. ಕೂದಲ ಹಸಿ ಅದ ಅಂದೆ. ಸಂಜೆ ಬಂದ ಕೂಡಲೇ ಮತ್ತೆ ಮುಟ್ಟಿದೆ. ಊಟಕ್ಕೆ ಕೂತಾಗ ಮತ್ತೆ. ಇವರು ನೋಡಿದರು, ಚೇಷ್ಟೆ ಮಾಡಲಿಲ್ಲ. ಫೋನಿನ್ಯಾಗಿಂದ ಕಣ್ಣ ಹತ್ತೂದಿಲ್ಲ ಬಿಡು ಅಂದರು. ಇವರಿಗೇನು ಗೊತ್ತು. ಆ ಮಿಥುನನ ಮುಖ ನಾನು ನೋಡಿಲ್ಲ, ಅವನ ಕಣ್ಣು ಎಂಥವೋ. ರೊಟ್ಟಿಯ ಮಾತು ಕೇಳಿ ಯಾಕೆ ನಕ್ಕ?

ಈಗಷ್ಟೇ ಒಳಗೆ ಹೋಗಿ ಮಲಗಿದವಳನ್ನು ನೋಡಿ ಬಂದೆ. ದೀಪಾಲಿಯ ಹಣೆ ತಣ್ಣಗಿದೆ.